ಊರಿಲ್ಲದ ಬೇಟೆಗಾರ, ಊರು ಬಿಡದ ಬೇಟೆಗಾರ

ಓದುಗರ ಪ್ರಶ್ನೆ: ನಮ್ಮದು ಸಾಗರದ ಕಡೆ ಸ್ವಲ್ಪ ಗದ್ದೆ, ಒಂದಿಷ್ಟು ಅಡಿಕೆ, ಗುಡ್ಡದ ಮೇಲೆ ಗೇರು, ಮನೆ ಸುತ್ತ ಮಾವು. ಭತ್ತ ತೆನೆ ಬಿಡುವ ಹೊತ್ತಿಗೆ ಗದ್ದೆಯ ಮೇಲೆ ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಗಳು ನೂರಾರು ಹಾರಾಡುತ್ತವೆ. ಕೆಲವೇ ವಾರ ಕಳೆದರೆ ಒಂದೂ ಕಾಣುವುದಿಲ್ಲ. ಮಾವು, ಗೇರಿನಲ್ಲಂತೂ ವರ್ಷವಿಡೀ ಚಗಳಿ ಇರುವೆಯ ಗೂಡು. ಎರಡೂ ಹುಳ ಹಿಡಿದು ತಿನ್ನುವ ಜಾತಿ ಎಂದು ಗೊತ್ತು. ಇವೆರಡರಲ್ಲಿ ದೊಡ್ಡ ಬೇಟೆಗಾರ ಯಾವುದು, ಎದುರುಬದುರಾದರೆ ಗೆಲ್ಲುವುದು ಯಾವುದು ಎಂದು ಮಗಳು ಕೇಳುತ್ತಾಳೆ. ನಾನು ಕೇಳುವುದು ಬೇರೆ: ಆ ಚಿಟ್ಟೆಗಳು ಹೋಗದಂತೆ ಉಳಿಸಿಕೊಳ್ಳಬಹುದೇ? ಕೊಯ್ಲಿನವರು ಚಗಳಿ ಗೂಡಿಗೆಲ್ಲ ಔಷಧಿ ಹೊಡೆಯಿರಿ, ಇಲ್ಲದಿದ್ದರೆ ಮರ ಹತ್ತುವುದಿಲ್ಲ ಎನ್ನುತ್ತಾರೆ. ಹೊಡೆಯಬೇಕೇ?

ಉತ್ತರ: ಮಗಳ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಬಗೆಹರಿದರೆ ನಿಮ್ಮದೂ ಅರ್ಧ ಬಗೆಹರಿದಂತೆ.

ಬೆನ್ನಟ್ಟಿದ್ದರಲ್ಲಿ ಎಷ್ಟು ಕೈಗೆ ಸಿಕ್ಕಿತು ಎಂದು ಲೆಕ್ಕ ಹಿಡಿದರೆ ಏರೋಪ್ಲೇನ್ ಚಿಟ್ಟೆಯ ಹತ್ತಿರಕ್ಕೆ ಬರುವವರೇ ಅಪರೂಪ, ಹುಲಿ ಸಿಂಹಗಳೂ ಬರುವುದಿಲ್ಲ. ಒಂದು ಮರದ ಮೇಲೆ ವರ್ಷಪೂರ್ತಿ ಎಷ್ಟು ಹುಳ ಸತ್ತವು ಎಂದು ಲೆಕ್ಕ ಹಿಡಿದರೆ ಚಗಳಿಯದೇ ಮೇಲುಗೈ. ಎರಡು ಲೆಕ್ಕ ಬೇರೆಯಾಗಲು ಕಾರಣ ಅವುಗಳ ಬಾಳು. ಏರೋಪ್ಲೇನ್ ಚಿಟ್ಟೆಗೆ ಊರೆಂಬುದೇ ಇಲ್ಲ. ಚಗಳಿ ಊರು ಬಿಟ್ಟು ಕದಲುವುದಿಲ್ಲ. ಕಣ್ಣು, ಕಾಲು, ಸಂಸಾರ, ಸಾಯುವ ರೀತಿ ಎಲ್ಲವೂ ಈ ಒಂದು ವ್ಯತ್ಯಾಸಕ್ಕೆ ತಕ್ಕಂತೆ ರೂಪುಗೊಂಡಿವೆ. ನಿಮ್ಮ ತೋಟದಲ್ಲಿ ಇವುಗಳಿಂದ ಏನು ಪ್ರಯೋಜನ ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ನೀವು ಹೇಳಿದ ಹಳದಿ ಚಿಟ್ಟೆ ಪಂಟಾಲಾ ಫ್ಲಾವೆಸೆನ್ಸ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೆಸರಿಗಷ್ಟೇ ಚಿಟ್ಟೆ. ನಿಜವಾದ ಚಿಟ್ಟೆ, ಪತಂಗಗಳ ಬಳಗಕ್ಕೂ ಇದಕ್ಕೂ ಸಂಬಂಧವಿಲ್ಲ. ನಾಲ್ಕೂವರೆ ಸೆಂಟಿಮೀಟರ್ ಉದ್ದದ ಮೈ, ಬುಡದಲ್ಲಿ ಅಗಲವಾದ ಹಿಂದಿನ ರೆಕ್ಕೆ. ಹಗಲಿನಲ್ಲಿ ಕೂರುವುದೇ ಅಪರೂಪ. ಉಳಿದ ಜಾತಿಯವು ಬೇಲಿಗೂಟದ ತುದಿಯಲ್ಲಿ ಕೂತು, ಹಾರಿ, ಮತ್ತೆ ಅಲ್ಲಿಗೇ ಬಂದು ಕೂರುತ್ತವೆ. ಇದು ತಾಸುಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ನಿಮ್ಮ ಚಗಳಿ, ಅಂದರೆ ಈಕೋಫಿಲ್ಲಾ ಸ್ಮರಾಗ್ಡಿನಾ, ಮೈಬಣ್ಣ ಕೆಂಪು-ಕಂದು, ದೊಡ್ಡ ಕೆಲಸಗಾರ ಇರುವೆ ಎಂಟರಿಂದ ಹತ್ತು ಮಿಲಿಮೀಟರ್. ಡೆನ್ಮಾರ್ಕಿನ ಯೋಹಾನ್ ಕ್ರಿಸ್ಟಿಯನ್ ಫ್ಯಾಬ್ರಿಷಿಯಸ್ ಎಂಬ ಒಬ್ಬನೇ ವಿಜ್ಞಾನಿ ಎರಡಕ್ಕೂ ಹೆಸರಿಟ್ಟ: ಇರುವೆಗೆ 1775ರಲ್ಲಿ, ಚಿಟ್ಟೆಗೆ 1798ರಲ್ಲಿ.

ಚಿಟ್ಟೆ ಹೇಗೆ ಬೇಟೆಯಾಡುತ್ತದೆ ಎಂದು ನೋಡೋಣ. ತಲೆಯ ಬಹುಪಾಲು ಕಣ್ಣೇ. ಏರೋಪ್ಲೇನ್ ಚಿಟ್ಟೆಗಳ ಒಂದು ಕಣ್ಣಿನಲ್ಲಿ ಮೂವತ್ತು ಸಾವಿರದವರೆಗೂ ಬಿಡಿಬಿಡಿ ಕಿರುಗಣ್ಣುಗಳಿರುತ್ತವೆ. ನಾಲ್ಕು ರೆಕ್ಕೆಗೂ ಬೇರೆಬೇರೆ ಸ್ನಾಯು, ಅದೂ ನೇರವಾಗಿ ರೆಕ್ಕೆಯ ಬುಡಕ್ಕೇ ಅಂಟಿದ್ದು. ಆದ್ದರಿಂದ ಒಂದೊಂದು ರೆಕ್ಕೆಯನ್ನೂ ಬೇಕಾದ ಹಾಗೆ ತಿರುಗಿಸಬಲ್ಲದು. ಆರು ಕಾಲಿನಲ್ಲಿ ಸಾಲು ಮುಳ್ಳು. ಕಾಲುಗಳನ್ನು ಮುಂದಕ್ಕೆ ಕೂಡಿಸಿ ಸೊಳ್ಳೆಯನ್ನೋ ಗುಂಗಾಡನ್ನೋ ಬಾಚಿಕೊಂಡು ಹಾರುತ್ತಲೇ ತಿಂದು ಮುಗಿಸುತ್ತದೆ. ಆ ಕಾಲುಗಳಿಂದ ನಡೆಯಲು ಮಾತ್ರ ಬಾರದು, ಹಿಡಿದು ತೂಗಾಡಬಹುದು ಅಷ್ಟೆ.

ಅದರ ಜಾಣತನ ಇರುವುದು ವೇಗದಲ್ಲಿ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾದ ವಿದ್ಯೆ ಬೇರೆ ಕಡೆ ಇದೆ. ಅದು ಸೊಳ್ಳೆಯ ಹಿಂದೆ ಓಡುವುದಿಲ್ಲ. ಸೊಳ್ಳೆ ಮುಂದೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಬೌಂಡರಿ ಬಳಿಯ ಒಳ್ಳೆಯ ಫೀಲ್ಡರ್ ಮೇಲಕ್ಕೆದ್ದ ಚೆಂಡನ್ನು ನೋಡುತ್ತಲೇ ಅದು ಬೀಳುವ ಜಾಗಕ್ಕೆ ಓಡುತ್ತಾನಲ್ಲ, ಹಾಗೆ. ಅಮೆರಿಕದ ವರ್ಜೀನಿಯಾದಲ್ಲಿರುವ ಜನೆಲಿಯಾ ಸಂಶೋಧನಾ ಕೇಂದ್ರದವರು ಬೇರೊಂದು ಜಾತಿಯ ಏರೋಪ್ಲೇನ್ ಚಿಟ್ಟೆಯ ತಲೆಗೂ ಮೈಗೂ ಸಣ್ಣ ಗುರುತುಗಳನ್ನು ಅಂಟಿಸಿ, ಬೇಟೆಯ ಒಂದೊಂದು ಕ್ಷಣವನ್ನೂ ಚಿತ್ರೀಕರಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈ ಎತ್ತ ತಿರುಗಿದರೂ ಬೇಟೆಯ ಬಿಂಬ ಕಣ್ಣಿನ ಒಂದೇ ಜಾಗದಲ್ಲಿ ಉಳಿಯುವಂತೆ ತಲೆ ತಿರುಗುತ್ತಿತ್ತು. ಬಿಂಬ ಸರಿದ ಮೇಲೆ ತಿದ್ದಿಕೊಳ್ಳುವುದಲ್ಲ, ಸರಿಯುವ ಮೊದಲೇ. ತನ್ನ ಮೈ ಹೇಗೆ ಹೊರಳಲಿದೆ, ಸೊಳ್ಳೆ ಎಲ್ಲಿಗೆ ಸಾಗಲಿದೆ ಎರಡನ್ನೂ ಆ ಸಣ್ಣ ಮಿದುಳು ಮುಂಚಿತವಾಗಿ ಲೆಕ್ಕ ಹಾಕುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಜಾತಿಯ ಮುಂದೆ ಹಣ್ಣಿನ ಸಣ್ಣ ನೊಣಗಳನ್ನು ಬಿಟ್ಟು ನೋಡಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಯತ್ನಗಳು ಗುರಿ ಮುಟ್ಟಿದವು. ಸಿಂಹ ನಾಲ್ಕು ಸಲ ಎರಗಿದರೆ ಒಂದು ಸಲ ಸಿಕ್ಕರೆ ಪುಣ್ಯ. ಪಂಟಾಲಾವನ್ನೇ ಇಟ್ಟುಕೊಂಡು ಮಾಡಿದ ಪ್ರಯೋಗಗಳಲ್ಲ ಇವು, ಆದರೆ ಕಣ್ಣು, ರೆಕ್ಕೆ, ನರಗಳ ಏರ್ಪಾಡು ಈ ಇಡೀ ಬಳಗಕ್ಕೆ ಸಮಾನ.

ಇದು ಅದರ ಎರಡನೆಯ ಜನ್ಮದ ಮಾತು. ಮೊದಲನೆಯ ಜನ್ಮ ನೀರಿನಲ್ಲಿ. ಹೆಣ್ಣು ಹಾರುತ್ತಲೇ ಬಾಲದ ತುದಿಯನ್ನು ನೀರಿಗೆ ಮುಟ್ಟಿಸಿ ಮೊಟ್ಟೆ ಬಿಡುತ್ತದೆ. ನೀರನ್ನು ಅದು ಗುರುತಿಸುವುದು ಹೊಳಪಿನಿಂದ, ಹಾಗಾಗಿ ತೊಳೆದು ನಿಲ್ಲಿಸಿದ ಕಾರಿನ ಬಾನೆಟ್‌ಗೂ ಬಾಲ ಕುಟ್ಟುತ್ತಿರುತ್ತದೆ, ಪಾಪ. ಮೊಟ್ಟೆಯೊಡೆದ ಮರಿ ನೋಡಲು ಕೆಸರಿನ ಬಣ್ಣದ ಕುರೂಪಿ. ಬಾಯಿಯ ಕೆಳಗೆ ಮಡಚಿಟ್ಟ ತುಟಿಯೊಂದಿದೆ, ತುದಿಯಲ್ಲಿ ಕೊಕ್ಕೆ. ಸೊಳ್ಳೆಮರಿ ಹತ್ತಿರ ಬಂತೋ, ಆ ತುಟಿ ಕಣ್ಣೆವೆ ಮುಚ್ಚುವುದರೊಳಗೆ ಮುಂದಕ್ಕೆ ಚಿಮ್ಮಿ ಅದನ್ನು ಬಾಯಿಗೆ ಎಳೆದು ತರುತ್ತದೆ. ಉಸಿರಾಟಕ್ಕೆ ಬೇಕಾದ ಕಿವಿರು ಗುದದೊಳಗೆ. ಅಪಾಯ ಕಂಡರೆ ಅಲ್ಲಿನ ನೀರನ್ನೇ ರಭಸದಿಂದ ಹಿಂದಕ್ಕೆ ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಗೊದಮೊಟ್ಟೆ, ಸಣ್ಣ ಮೀನುಮರಿ, ಒಡಹುಟ್ಟಿದವರು, ಯಾರನ್ನೂ ಬಿಡುವುದಿಲ್ಲ.

ಊರಿಲ್ಲದ ಬದುಕಿನ ಗುಟ್ಟು ಈ ಮರಿಯಲ್ಲಿದೆ. ಬೇರೆ ಎಷ್ಟೋ ಏರೋಪ್ಲೇನ್ ಚಿಟ್ಟೆಗಳ ಮರಿ ನೀರಿನಲ್ಲಿ ತಿಂಗಳುಗಟ್ಟಲೆ, ತಣ್ಣನೆಯ ನಾಡುಗಳಲ್ಲಿ ವರ್ಷಗಟ್ಟಲೆ ಬೆಳೆಯುತ್ತದೆ. ಪಂಟಾಲಾ ಮರಿ ಬೆಚ್ಚಗಿನ ನೀರಿನಲ್ಲಿ ಆರೇಳು ವಾರದಲ್ಲೇ ಬೆಳೆದು ರೆಕ್ಕೆ ಪಡೆಯಬಲ್ಲದು. ಮಳೆ ಬಂದು ನಿಂತ ಹೊಂಡ, ಗದ್ದೆ, ಕಲ್ಲುಕ್ವಾರಿಯ ಗುಂಡಿ ಸಾಕು. ಇಂಥ ನೀರು ಬೇಗ ಬತ್ತುತ್ತದೆ, ಆದರೆ ಅಲ್ಲಿ ಮೀನಿರುವುದಿಲ್ಲ. ಮೀನಿಲ್ಲದ ನೀರಿನಲ್ಲಿ ಧೈರ್ಯವಾಗಿ ಓಡಾಡಿ ತಿಂದು, ನೀರು ಬತ್ತುವುದರೊಳಗೆ ಹಾರಿ, ಮಳೆಯಾಗುತ್ತಿರುವ ಇನ್ನೊಂದು ನಾಡು ಹುಡುಕಿಕೊಂಡು ಹೋಗುವುದು ಅದರ ಕಸುಬು.

ಎಲ್ಲಿಗೆ ಹೋಗುತ್ತದೆ ಎಂಬುದೇ ಅಚ್ಚರಿಯ ವಿಷಯ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಕಡಲಜೀವಿ ತಜ್ಞ ಚಾರ್ಲ್ಸ್ ಆಂಡರ್ಸನ್ ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ ಆ ದ್ವೀಪಗಳಿಗೆ ಈ ಚಿಟ್ಟೆಗಳು ದಂಡು ದಂಡಾಗಿ ಬಂದಿಳಿಯುವುದನ್ನು ಗಮನಿಸಿದರು. ಹವಳದ ದಿಬ್ಬದ ಮೇಲಿನ ಆ ದ್ವೀಪಗಳಲ್ಲಿ ಮೊಟ್ಟೆಯಿಡಲು ಸಿಹಿನೀರೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೆ ಬರುವುದೇಕೆ? ವರ್ಷಗಳ ಕಾಲ ದಿನಾಂಕಗಳನ್ನು ಬರೆದಿಟ್ಟುಕೊಂಡ ಅವರು 2009ರಲ್ಲಿ ಪ್ರಕಟಿಸಿದ ವಿವರಣೆ ಇದು: ಮುಂಗಾರಿನಲ್ಲಿ ಭಾರತದಲ್ಲಿ ಹುಟ್ಟಿದ ಚಿಟ್ಟೆಗಳು ಹಿಂಗಾರಿನ ಹೊತ್ತಿಗೆ ಸಾವಿರ ಮೀಟರಿಗೂ ಎತ್ತರದಲ್ಲಿ ಬೀಸುವ ಗಾಳಿ ಹಿಡಿದು ಮಾಲ್ಡೀವ್ಸ್, ಸೀಶೆಲ್ಸ್ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ. ಅಲ್ಲಿ ಆಗ ಮಳೆಗಾಲ. ಮುಂದಿನ ಮುಂಗಾರಿಗೆ ಅವುಗಳ ಪೀಳಿಗೆ ನೈಋತ್ಯ ಗಾಳಿ ಏರಿ ಇತ್ತ ಬರುತ್ತದೆ. ನಾಲ್ಕು ತಲೆಮಾರಿನಲ್ಲಿ ಮುಗಿಯುವ ಈ ಸುತ್ತಿನ ಉದ್ದ 14,000ದಿಂದ 18,000 ಕಿಲೋಮೀಟರ್. ಹೊರಟದ್ದು ಹಿಂತಿರುಗುವುದಿಲ್ಲ, ಅದರ ಮರಿಯ ಮಗನೋ ಮರಿಮಗನೋ ಬರುತ್ತದೆ. ಮಾಲ್ಡೀವ್ಸ್‌ನಲ್ಲಿ ಹಿಡಿದವುಗಳ ರೆಕ್ಕೆಯಲ್ಲಿನ ಹೈಡ್ರೋಜನ್‌ನ ಬಗೆಗಳನ್ನು ಅಳೆದು 2012ರಲ್ಲಿ ಇನ್ನೊಂದು ಅಧ್ಯಯನ ಬಂತು. ಹುಟ್ಟಿದ ಹೊಂಡದ ಮಳೆನೀರಿನ ಗುರುತು ರೆಕ್ಕೆಯಲ್ಲಿ ಉಳಿದಿರುತ್ತದೆ. ಆ ಗುರುತು ಉತ್ತರ ಭಾರತ ಮತ್ತು ಅದರಾಚೆಯ ನೆಲಕ್ಕೆ ಹೊಂದಿತು. ಅಮುರ್ ಚಾಣ ಎಂಬ ಬೇಟೆಹಕ್ಕಿಯೂ ಇದೇ ಕಾಲಕ್ಕೆ ಇದೇ ಕಡಲು ದಾಟಿ ಆಫ್ರಿಕಕ್ಕೆ ಹೋಗುವುದುಂಟು. ದಾರಿಯಲ್ಲಿ ಈ ಚಿಟ್ಟೆಗಳೇ ಅದರ ಬುತ್ತಿ ಇರಬೇಕೆಂಬುದು ಆಂಡರ್ಸನ್ ಊಹೆ. ನನಗಂತೂ ಅದು ಸರಿಯೆನಿಸುತ್ತದೆ.

ಈಗ ನಿಮ್ಮ ಗದ್ದೆಯ ಮೇಲಿನ ದಂಡು ಕೆಲವೇ ವಾರದಲ್ಲಿ ಎಲ್ಲಿ ಮಾಯವಾಗುತ್ತದೆ ಎಂದು ಗೊತ್ತಾಯಿತಲ್ಲ. ಅದನ್ನು ಉಳಿಸಿಕೊಳ್ಳಲಾಗದು.

ಚಗಳಿಯದು ಪೂರಾ ಉಲ್ಟಾ ಕಥೆ. ಅದರ ಬೇಟೆಯನ್ನು ಅರ್ಥ ಮಾಡಿಕೊಳ್ಳಲು ಗೇರಿನ ಕೊಂಬೆಯೊಂದರ ಮೇಲೆ ಅರ್ಧ ಗಂಟೆ ಕಣ್ಣಿಡಿ. ಕಟ್ಟಿರುವೆಯೊಂದು ದಾರಿತಪ್ಪಿ ಆ ಕೊಂಬೆಗೆ ಬಂತು ಎಂದುಕೊಳ್ಳಿ. ಮೊದಲು ಕಂಡ ಚಗಳಿ ಅದನ್ನು ಕೊಲ್ಲಲು ಹೋಗುವುದಿಲ್ಲ. ಒಂದು ಕಾಲು ಕಚ್ಚಿ, ಹಿಂದಕ್ಕೆ ಜಗ್ಗಿ, ಅಲುಗದೆ ನಿಲ್ಲುತ್ತದೆ. ಎರಡನೆಯದು ಬಂದು ಎದುರು ಬದಿಯ ಕಾಲು ಹಿಡಿಯುತ್ತದೆ. ಮೂರನೆಯದು ಮೀಸೆ. ನೋಡನೋಡುತ್ತ ಆರೂ ಕಾಲಿಗೆ ಒಂದೊಂದು ಇರುವೆ, ಎಲ್ಲವೂ ಹೊರಮುಖವಾಗಿ ಜಗ್ಗುತ್ತ. ಕಟ್ಟಿರುವೆಯ ದವಡೆ ಎಷ್ಟು ಗಟ್ಟಿಯಾದರೇನು, ಕಚ್ಚಲು ಹತ್ತಿರದಲ್ಲಿ ಏನೂ ಸಿಗುವುದಿಲ್ಲ. ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ ಹಾಗೇ ಹಿಡಿದಿರುತ್ತವೆ. ಅದು ಸುಸ್ತಾದ ಮೇಲೆ ಇಡಿಯಾಗಿ ಎತ್ತಿಕೊಂಡು ಗೂಡಿನ ಕಡೆ ಹೊರಡುತ್ತವೆ, ಕೊಂಬೆಯ ಅಡಿಭಾಗದಿಂದ, ತಲೆಕೆಳಗಾಗಿ. ಪಾದದಲ್ಲಿ ಅಂಟುವ ಮೆತ್ತೆ ಇರುವುದರಿಂದ ಇದು ಸಾಧ್ಯ. ತನ್ನ ತೂಕದ ನೂರು ಪಟ್ಟು ಭಾರವನ್ನು ಬಾಯಲ್ಲಿ ಕಚ್ಚಿಕೊಂಡು ನುಣುಪಾದ ಹಲಗೆಗೆ ತಲೆಕೆಳಗಾಗಿ ಅಂಟಿ ನಿಂತ ಚಗಳಿಯ ಚಿತ್ರವನ್ನು ಕೇಂಬ್ರಿಜ್‌ನ ವಿಜ್ಞಾನಿಯೊಬ್ಬರು ತೆಗೆದಿದ್ದಾರೆ.

ಚಗಳಿಗೆ ಕೊಂಡಿಯಿಲ್ಲ. ಕಚ್ಚುತ್ತದೆ, ಕಚ್ಚಿದ ಜಾಗಕ್ಕೆ ಹೊಟ್ಟೆ ಬಾಗಿಸಿ ಫಾರ್ಮಿಕ್ ಆಮ್ಲ ಚಿಮುಕಿಸುತ್ತದೆ; ನಿಮ್ಮ ಕೊಯ್ಲಿನವರ ಉರಿ ಅದರದ್ದು. ಒಂದು ಕಚ್ಚಿದ ಕೂಡಲೇ ಹತ್ತು ಹೇಗೆ ಮುತ್ತುತ್ತವೆ ಎಂಬುದಕ್ಕೆ ಉತ್ತರ ವಾಸನೆಯಲ್ಲಿದೆ. ಇದರ ಆಫ್ರಿಕದ ಸೋದರ ಜಾತಿಯಲ್ಲಿ, ದವಡೆಯ ಗ್ರಂಥಿಯಿಂದ ಹೊರಬರುವ ವಾಸನೆಗಳು ಬೇರೆಬೇರೆ ವೇಗದಲ್ಲಿ ಹರಡುತ್ತವೆ ಎಂದು 1970ರ ದಶಕದಲ್ಲೇ ಕಂಡುಕೊಂಡರು. ಬೇಗ ಹರಡುವುದು ದೂರದವರನ್ನು ಎಚ್ಚರಿಸುತ್ತದೆ, ಅದರ ಹಿಂದಿನದು ಹತ್ತಿರಕ್ಕೆ ಕರೆಯುತ್ತದೆ, ನಿಧಾನವಾಗಿ ಆರುವುದು ‘ಇಲ್ಲೇ ಕಚ್ಚು’ ಎನ್ನುತ್ತದೆ.

ಗೂಡು ಕಟ್ಟುವುದೂ ಹಿಡಿದು ಜಗ್ಗುವ ಅದೇ ವಿದ್ಯೆಯ ಇನ್ನೊಂದು ಮುಖ. ಎರಡು ಎಲೆಯ ಅಂಚು ಹತ್ತಿರವಿದ್ದರೆ ಸಾಲಾಗಿ ನಿಂತು ದವಡೆಯಿಂದ ಒಂದನ್ನು, ಕಾಲಿನಿಂದ ಇನ್ನೊಂದನ್ನು ಹಿಡಿದು ಎಳೆಯುತ್ತವೆ. ದೂರವಿದ್ದರೆ ಒಂದರ ಸೊಂಟ ಇನ್ನೊಂದು ಕಚ್ಚಿ ಸರಪಳಿಯಾಗುತ್ತವೆ. ಇದರ ಬಗ್ಗೆ 2025ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದಿಂದ ಸೊಗಸಾದ ಅಧ್ಯಯನ ಬಂದಿದೆ. ಮನುಷ್ಯರು ಹಗ್ಗ ಜಗ್ಗುವಾಗ ಗುಂಪು ದೊಡ್ಡದಾದಷ್ಟೂ ತಲಾ ಶ್ರಮ ಕಡಿಮೆಯಾಗುತ್ತದೆ. ಊರ ಕೆಲಸಕ್ಕೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಚಗಳಿಯಲ್ಲಿ ಗುಂಪು ಬೆಳೆದಷ್ಟೂ ಒಂದೊಂದು ಇರುವೆಯ ಎಳೆತ ಹೆಚ್ಚಾಗಿ, ಹದಿನೈದರ ತಂಡದಲ್ಲಿ ಸುಮಾರು ಇಮ್ಮಡಿಯಾಯಿತು. ಸರಪಳಿಯ ಹಿಂದಿನವು ಕಾಲು ಚಾಚಿ ನೆಲ ಕಚ್ಚಿ ನಿಂತು, ಮುಂದಿನವು ಎಳೆದದ್ದು ಹಿಂದೆ ಜಾರದಂತೆ ತಡೆಯುತ್ತವೆ. ಅಂಚುಗಳು ಕೂಡಿದ ಮೇಲೆ ಬೇರೆ ಕೆಲಸಗಾರರು ಬೆಳೆದ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು ಅತ್ತಿಂದಿತ್ತ ಮುಟ್ಟಿಸುತ್ತವೆ. ಮರಿ ಬಿಡುವ ರೇಷ್ಮೆಯಿಂದ ಹೊಲಿಗೆ. ಬೇರೆ ಎಷ್ಟೋ ಇರುವೆಗಳ ಮರಿ ಆ ರೇಷ್ಮೆಯಿಂದ ತನಗೊಂದು ಗೂಡು ಸುತ್ತಿಕೊಳ್ಳುತ್ತದೆ. ಚಗಳಿಯ ಮರಿ ತನ್ನ ಪಾಲನ್ನು ಮನೆ ಕಟ್ಟಲು ಕೊಟ್ಟು ಬರಿಮೈಯಲ್ಲೇ ಕೋಶಾವಸ್ಥೆಗೆ ಹೋಗುತ್ತದೆ.

ಇಲ್ಲೊಂದು ವಿಷಯ ಗಮನದಲ್ಲಿರಲಿ, ಮುಂದೆ ಬೇಕಾಗುತ್ತದೆ. ಮರದಲ್ಲಿ ಕಾಣುವ ಒಂದೊಂದು ಗೂಡೂ ಒಂದೊಂದು ಸಂಸಾರವಲ್ಲ. ಬಲಿತ ಸಂಸಾರವೊಂದಕ್ಕೆ ಹತ್ತಾರು ಮರ, ನೂರಕ್ಕೂ ಹೆಚ್ಚು ಗೂಡು, ಐದು ಲಕ್ಷದವರೆಗೆ ಕೆಲಸಗಾರ ಇರುವೆಗಳಿರಬಹುದು. ಸಾಮಾನ್ಯವಾಗಿ ರಾಣಿ ಒಂದೇ, ಆ ನೂರರಲ್ಲಿ ಯಾವುದೋ ಒಂದು ಗೂಡಿನಲ್ಲಿ. ಗಡಿಯ ಮರಗಳಲ್ಲಿರುವ ಗೂಡುಗಳು ಕಾವಲು ಠಾಣೆ. ಅಲ್ಲಿರುವುದು ಮುದಿ ಇರುವೆಗಳು ಎಂದು ಇರುವೆ ತಜ್ಞ ಬರ್ಟ್ ಹೋಲ್ಡಾಬ್ಲರ್ 1983ರಲ್ಲಿ ತೋರಿಸಿದರು. ಮರಿ ಸಾಕುವ ವಯಸ್ಸು ಮುಗಿದ ಹೆಣ್ಣುಗಳು ಹೋಗಿ ಗಡಿಯಲ್ಲಿ ಕೂರುತ್ತವೆ. ಪಕ್ಕದ ಸಂಸಾರದೊಡನೆ ಜಗಳವಾದರೆ ಮೊದಲು ಸಾಯುವುದು ಇವು.

ಈಗ ಹೋಲಿಸಿ ನೋಡಿ. ಚಿಟ್ಟೆ ಒಂಟಿ, ಎಲ್ಲ ಲೆಕ್ಕವೂ ಒಂದೇ ತಲೆಯಲ್ಲಿ ನಡೆಯಬೇಕು, ತಪ್ಪಿದರೆ ಹಸಿವು. ಅದಕ್ಕೇ ಅಷ್ಟು ಒಳ್ಳೆಯ ಕಣ್ಣು. ಚಗಳಿಯಲ್ಲಿ ಒಬ್ಬೊಬ್ಬರ ಕೈಗೆ ಸಿಗುವುದು ಕಡಿಮೆ, ತಪ್ಪಿಸಿಕೊಂಡು ಹೋಗುವುದೇ ಹೆಚ್ಚು. ಆದರೆ ಆ ಮರದಲ್ಲಿ ಹಗಲೂ ರಾತ್ರಿ ಯಾರೋ ಒಬ್ಬರು ಓಡಾಡುತ್ತಲೇ ಇರುತ್ತಾರೆ, ಒಬ್ಬರಿಗೆ ಸಿಕ್ಕಿದ್ದು ಎಲ್ಲರಿಗೂ ಸಿಕ್ಕಂತೆ. ಇನ್ನೂ ಒಂದು ವ್ಯತ್ಯಾಸ ಬಹಳ ದೊಡ್ಡದು: ಬೆಳೆದ ಚಿಟ್ಟೆಗೆ ಮಾಂಸ ಬಿಟ್ಟು ಬೇರೆ ಗತಿಯಿಲ್ಲ. ಚಗಳಿಗೆ ಮಾಂಸ ಮರಿಗಳಿಗಾಗಿ. ದುಡಿಯುವವರ ಹೊಟ್ಟೆ ತುಂಬುವುದು ಹೆಚ್ಚಾಗಿ ಸಿಹಿಯಿಂದ. ಎಲೆಯ ರಸ ಹೀರುವ ಹಿಟ್ಟು ತಿಗಣೆ, ಶಲ್ಕ ಕೀಟಗಳ ಹಿಂಬದಿಯಿಂದ ಒಸರುವ ಅಂಟುಸಿಹಿಯನ್ನು ಅದು ಕುಡಿಯುತ್ತದೆ, ಅದಕ್ಕಾಗಿ ಆ ಕೀಟಗಳಿಗೆ ಕಾವಲೂ ನಿಲ್ಲುತ್ತದೆ. ಬೇಟೆಗಾರನೂ ಹೌದು, ದನ ಕಾಯುವವನೂ ಹೌದು. ಚಗಳಿಯ ಮೇಲೆ ನಾನು ಇಡುವ ಮುಖ್ಯ ದೂರು ಇದೇ.

ಎದುರುಬದುರಾದರೆ? ಎಲ್ಲಿ ಎದುರಾದವು ಎಂಬುದರ ಮೇಲೆ ಹೋಗುತ್ತದೆ. ಸಂಜೆಯಾದ ಮೇಲೆ ಪಂಟಾಲಾ ಕಡ್ಡಿ ಹಿಡಿದು ನೇತಾಡುತ್ತ ಮಲಗುತ್ತದೆ. ಆ ಕಡ್ಡಿ ಚಗಳಿ ಮರದ್ದಾಗಿದ್ದು, ಎರಡು ಮೂರು ಇರುವೆ ಕಾಲು ಕಚ್ಚಿದವೆಂದರೆ ಮುಗಿಯಿತು. ನಡೆಯಲು ಬಾರದ ಕಾಲು, ಬಡಿಯಲು ಜಾಗವಿಲ್ಲದ ರೆಕ್ಕೆ. ಬೆಳಗಾಗುವಾಗ ರೆಕ್ಕೆಗಳನ್ನು ಕೆಳಕ್ಕೆ ಚೆಲ್ಲಿ ಮೈಯನ್ನು ಗೂಡಿಗೆ ಸಾಗಿಸಿರುತ್ತವೆ. ಅದೇ ಮಳೆಗಾಲದ ಶುರುವಿಗೆ ಚಗಳಿಯ ರೆಕ್ಕೆ ಬಂದ ಗಂಡುಗಳು, ಎಳೆಯ ರಾಣಿಗಳು ಗೂಡಿನಿಂದ ಮೇಲೇಳುತ್ತವೆ. ಮಳೆಹುಳು ಎದ್ದ ಕಡೆ, ರೆಕ್ಕೆ ಇರುವೆ ಎದ್ದ ಕಡೆ ಏರೋಪ್ಲೇನ್ ಚಿಟ್ಟೆಗಳು ಮುತ್ತುವುದನ್ನು ನೀವೂ ನೋಡಿರುತ್ತೀರಿ. ಗಾಳಿಯಲ್ಲಿ ಚಗಳಿಗೆ ಸರಪಳಿಯೂ ಇಲ್ಲ, ನೆಂಟರೂ ಇಲ್ಲ. ಮರದ ಮೇಲೆ ಚಗಳಿ, ಗಾಳಿಯಲ್ಲಿ ಚಿಟ್ಟೆ ಅಂತ ಮಗಳಿಗೆ ಹೇಳಿ. ಜೊತೆಗೆ ಇದನ್ನೂ ಹೇಳಿ: ಚಗಳಿ ಗೂಡಿನೊಳಗೇ ನುಗ್ಗಿ ಅದರ ಮರಿ ತಿನ್ನುವ ಹುಳವೊಂದಿದೆ. ಲಿಫೈರಾ ಎಂಬ ನಿಜವಾದ ಚಿಟ್ಟೆಯ ಮರಿಹುಳು ಅದು. ಬೆನ್ನು ಎಷ್ಟು ಗಟ್ಟಿಯೆಂದರೆ ಕಚ್ಚಿದರೂ ತಾಗದು. ರೆಕ್ಕೆ ಬಂದು ಹೊರಬರುವಾಗ ಮೈ ತುಂಬ ಉದುರುವ ಹುಡಿ, ಹಿಡಿಯಲು ಬಂದ ಇರುವೆಗಳ ಬಾಯಿಗೂ ಮೀಸೆಗೂ ಅದು ಮೆತ್ತಿಕೊಂಡು ಅವು ತಬ್ಬಿಬ್ಬಾಗುತ್ತವೆ. ಚಗಳಿಯಂತೆಯೇ ವೇಷ ಹಾಕಿದ ಜೇಡಗಳೂ ಅದೇ ಮರದಲ್ಲಿರುತ್ತವೆ, ಎಂಟು ಕಾಲು ಎಣಿಸಿದರಷ್ಟೇ ಗೊತ್ತಾಗುವುದು. ಹುಡುಕಲು ರಜೆಯಲ್ಲಿ ಒಳ್ಳೆಯ ಕೆಲಸ.

ಇನ್ನು ತೋಟದ ಲೆಕ್ಕ.

ಪಂಟಾಲಾ ನಿಮಗೆ ಕೊಡುವುದು ಎರಡು ಕಂತಿನಲ್ಲಿ. ಗದ್ದೆ ನೀರಿನಲ್ಲಿ ಮರಿಯಾಗಿದ್ದಾಗ ಸೊಳ್ಳೆಮರಿ ತಿನ್ನುತ್ತದೆ. ರೆಕ್ಕೆ ಬಂದ ಮೇಲೆ ಸೊಳ್ಳೆ, ಗುಂಗಾಡು, ಪೈರಿನ ಮೇಲೆ ಹಾರುವ ಜಿಗಿಹುಳು, ಸಣ್ಣ ಪತಂಗ. ಕಾಂಡದೊಳಗೆ ಕೂತ ಕೊರಕ ಹುಳುವಿಗೆ ಅದರಿಂದ ಏನೂ ಆಗದು. ಅದನ್ನು ಸಾಕಲು, ತಂದು ಬಿಡಲು ಆಗುವುದಿಲ್ಲ ಎಂದೆ. ಆದರೆ ನಿಮ್ಮಲ್ಲೇ ನೆಲೆನಿಂತ ಜಾತಿಗಳಿವೆ: ಬದುವಿನ ಮೇಲೆ ಕೂರುವ ಹಸಿರು-ಕಪ್ಪು ಪಟ್ಟೆಯ ಆರ್ಥೆಟ್ರಮ್ ಸಬೀನಾ, ಪೈರಿನ ಬುಡದಲ್ಲಿ ಸುಳಿಯುವ ಸೂಜಿಯಷ್ಟು ತೆಳ್ಳಗಿನವು. ಉಳಿಸಿಕೊಳ್ಳಬೇಕಾದ್ದು ಇವನ್ನು. ಮ್ಯಾನ್ಮಾರ್‌ನ ಯಾಂಗೊನ್‌ನಲ್ಲಿ ಮನೆಮನೆಯ ನೀರಿನ ತೊಟ್ಟಿಗಳಿಗೆ ಇಂಥದೊಂದು ಸ್ಥಳೀಯ ಜಾತಿಯ ಮರಿಗಳನ್ನು ಜನರ ಕೈಯಿಂದಲೇ ಬಿಡಿಸಿ ಡೆಂಗಿ ಸೊಳ್ಳೆಯನ್ನು ತಗ್ಗಿಸಿದ ಪ್ರಯೋಗ 1990ರಲ್ಲಿ ಪ್ರಕಟವಾಗಿದೆ. ನೀವು ಮಾಡಬಹುದಾದ್ದು ಇಷ್ಟು: ಗದ್ದೆಯ ಮೂಲೆಯಲ್ಲಿ ಮಳೆನೀರು ನಿಲ್ಲುವ ಒಂದು ಸಣ್ಣ ಹೊಂಡವನ್ನು ಮುಚ್ಚದೆ ಬಿಡಿ, ಅದಕ್ಕೆ ಮೀನು ಬಿಡಬೇಡಿ. ಸೊಳ್ಳೆಗೆಂದು ಎಲ್ಲ ಹೊಂಡಕ್ಕೂ ಗಂಬೂಸಿಯಾ ಮೀನು ಸುರಿಯುವ ಅಭ್ಯಾಸ ನಮ್ಮಲ್ಲಿದೆ, ಅದು ಸೊಳ್ಳೆಮರಿಯ ಜೊತೆ ಇವುಗಳ ಮರಿಯನ್ನೂ ನುಂಗುತ್ತದೆ. ಜಿಗಿಹುಳು ನಾಲ್ಕು ಕಂಡ ಕೂಡಲೇ ಪಂಪು ಹೆಗಲಿಗೇರಿಸುವುದನ್ನೂ ಸ್ವಲ್ಪ ತಡೆಯಿರಿ.

ಚಗಳಿಗೆ ಔಷಧಿ ಹೊಡೆಯಬೇಕೇ ಎಂಬುದಕ್ಕೆ ನನ್ನ ಉತ್ತರ: ಗೇರಿನಲ್ಲಿ ಬೇಡವೇ ಬೇಡ, ಮಾವಿನಲ್ಲಿ ನೋಡಿಕೊಂಡು, ಮನೆಗೆ ತಾಗಿದ ಮರದಲ್ಲಿ ಗೂಡು ತೆಗೆಯಿರಿ, ಔಷಧಿ ಬೇಡ.

ಮರದ ಬೆಳೆಗೆ ಚಗಳಿಯನ್ನು ಬಳಸುವುದು ಹೊಸದೇನಲ್ಲ. ದಕ್ಷಿಣ ಚೀನಾದಲ್ಲಿ ಕಿತ್ತಳೆ ಜಾತಿಯ ಮರಗಳಿಗೆಂದು ಚಗಳಿ ಗೂಡುಗಳನ್ನು ಚೀಲದಲ್ಲಿಟ್ಟು ಮಾರುತ್ತಿದ್ದರೆಂಬ ಬರಹ ಕ್ರಿ.ಶ. 304ರದ್ದೆಂದು ಹೇಳುತ್ತಾರೆ. ಬೆಳೆ ಕಾಯಲು ಕೀಟವನ್ನೇ ಬಳಸಿದ್ದಕ್ಕೆ ಜಗತ್ತಿನಲ್ಲಿ ಸಿಕ್ಕಿರುವ ಅತಿ ಹಳೆಯ ದಾಖಲೆಯೆಂದು ಅದನ್ನು ಎಣಿಸುವುದುಂಟು. ಮರದಿಂದ ಮರಕ್ಕೆ ಬಿದಿರಿನ ಸೇತುವೆಯನ್ನೂ ಅಲ್ಲಿನ ರೈತರು ಕಟ್ಟುತ್ತಿದ್ದರು. ನಮ್ಮ ಕಾಲದಲ್ಲಿ ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ಸುತ್ತಮುತ್ತ ರೆನ್‌ಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ ಎಂಬ ವಿಜ್ಞಾನಿಗಳು ಗೇರು, ಮಾವಿನ ತೋಪುಗಳಲ್ಲಿ ವರ್ಷಗಟ್ಟಲೆ ಇದನ್ನು ಪರೀಕ್ಷಿಸಿದರು. ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ, ಹೆಸರಿಗಷ್ಟೇ ಸೊಳ್ಳೆ, ನಿಜಕ್ಕೆ ರಸ ಹೀರುವ ತಿಗಣೆ. ಚಿಗುರಿಗೆ ಸೊಂಡಿಲು ಚುಚ್ಚಿ ಒಣಗಿಸುವುದು, ಹೂಗೊಂಚಲು ಕರಕಲಾಗಿಸುವುದು ಎಲ್ಲ ಅದರದೇ. ಚಗಳಿ ದಂಡು ಬಲವಾಗಿರುವ ಮರದಲ್ಲಿ ಅದಕ್ಕೆ ನೆಮ್ಮದಿಯಿಂದ ಕೂತು ಹೀರಲು ಆಗುವುದಿಲ್ಲ. ಹಿಡಿದು ಕೊಂದದ್ದಕ್ಕಿಂತ ಓಡಿಸಿದ್ದೇ ಹೆಚ್ಚು ಲಾಭ. ಮಾವಿನ ಹಣ್ಣುನೊಣಕ್ಕೂ ಹೀಗೇ. ಪಶ್ಚಿಮ ಆಫ್ರಿಕದ ಬೆನಿನ್‌ನಲ್ಲಿ ಸೋದರ ಜಾತಿಯ ಇರುವೆ ಓಡಾಡಿದ ಮಾವಿನ ಹಣ್ಣುಗಳನ್ನೂ ಓಡಾಡದ ಹಣ್ಣುಗಳನ್ನೂ ಇಟ್ಟು ನೋಡಿದರು. ಇರುವೆ ಆ ಹೊತ್ತಿಗೆ ಅಲ್ಲಿಲ್ಲದಿದ್ದರೂ ಅದು ಬಿಟ್ಟುಹೋದ ವಾಸನೆಗೇ ಹೆದರಿ ನೊಣ ಆ ಹಣ್ಣಿನಲ್ಲಿ ಮೊಟ್ಟೆಯಿಡುವುದು ಕಡಿಮೆಯಾಗಿತ್ತು. ಇಂಥ ಕೆಲಸ ಚಿಟ್ಟೆಯಿಂದ ಎಂದೂ ಆಗದು. ಹೊರಟುಹೋಗುವವನಿಗೆ ಯಾರೂ ಹೆದರುವುದಿಲ್ಲ.

ಗೇರಿಗೆ ಚಿಗುರು, ಹೂವು, ಕಾಯಿ ಹಂತಗಳಲ್ಲಿ ಸಿಂಪಡಣೆ ಮಾಡುವ ಪದ್ಧತಿ ನಿಮ್ಮಲ್ಲೂ ಇರಬಹುದು. ಅದನ್ನು ಒಂದೇ ಸಲಕ್ಕೆ ನಿಲ್ಲಿಸಿ ಎನ್ನುವುದಿಲ್ಲ. ಚಗಳಿ ದಟ್ಟವಾಗಿರುವ ಮರಗಳಿಗೆ ಬಣ್ಣದ ಗುರುತು ಹಾಕಿ ಅವನ್ನು ಬಿಟ್ಟು ಉಳಿದವಕ್ಕೆ ಮಾತ್ರ ಹೊಡೆಯಿರಿ. ಒಂದು ಹಂಗಾಮು ಕಳೆದ ಮೇಲೆ ಎರಡೂ ಬಗೆಯ ಮರಗಳಲ್ಲಿ ಕರಕಲಾದ ಚಿಗುರು ಎಷ್ಟು ಎಂದು ನೀವೇ ಎಣಿಸಿ ತೀರ್ಮಾನಿಸಿ. ಒಂದೇ ಸಂಸಾರದ ಮರಗಳ ನಡುವೆ ಹಗ್ಗ ಕಟ್ಟಿದರೆ ನೆಲಕ್ಕಿಳಿಯದೆ ಓಡಾಡುತ್ತವೆ. ಎರಡು ಬೇರೆ ಸಂಸಾರದ ಮರಗಳಿಗೆ ಮಾತ್ರ ಹಗ್ಗ ಕಟ್ಟಬೇಡಿ, ಕೊಂಬೆ ಕೂಡಿದ್ದರೂ ಕಡಿಯಿರಿ. 

ಇಲ್ಲದಿದ್ದರೆ ಕಾದಾಡಿ ಎರಡೂ ಸೊರಗುತ್ತವೆ, ಹುಳ ಹಿಡಿಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಯಾವುದು ಯಾವ ಸಂಸಾರದ್ದೆಂದು ತಿಳಿಯಲು ಒಂದು ಮರದ ನಾಲ್ಕೈದು ಇರುವೆಗಳನ್ನು ಕಡ್ಡಿಯಲ್ಲಿ ತಂದು ಇನ್ನೊಂದು ಮರಕ್ಕೆ ಬಿಡಿ. ಮೀಸೆ ತಾಗಿಸಿ ಸುಮ್ಮನಾದರೆ ಒಂದೇ ಮನೆ. ಕಚ್ಚಾಟವಾದರೆ ಬೇರೆ. ಚಗಳಿ ಇಲ್ಲದ ಮರಕ್ಕೆ ಒಂದು ಗೂಡು ತಂದು ಕಟ್ಟಿದರೆ ಸಾಕೆಂದು ಕೆಲವರು ಮಾಡುತ್ತಾರೆ. ರಾಣಿ ಬಾರದೆ ಆ ಗೂಡು ಕೆಲವು ತಿಂಗಳಲ್ಲಿ ಖಾಲಿಯಾಗುತ್ತದೆ.

ಮಾವಿನಲ್ಲಿ ನೋಡಿಕೊಂಡು ಎಂದದ್ದು ಹಿಟ್ಟು ತಿಗಣೆಯ ಕಾರಣಕ್ಕೆ. ಎಲೆ, ಕಾಯಿಯ ತೊಟ್ಟಿನ ಬಳಿ ಬಿಳಿ ಹಿಟ್ಟು, ಅದರ ಕೆಳಗೆ ಕಪ್ಪು ಬೂಷ್ಟು ಕಂಡರೆ ಆ ಕೊಂಬೆಯ ತುದಿಗಳನ್ನು ಕತ್ತರಿಸಿ ತೆಗೆಯಿರಿ. ಮರ ಪೂರ್ತಿ ಹಬ್ಬಿದ್ದರೆ ಅಲ್ಲಿ ಚಗಳಿಯಿಂದ ಲಾಭಕ್ಕಿಂತ ನಷ್ಟ. ಹೂವಿಗೆ ಬರುವ ಜೇನು, ನೊಣಗಳನ್ನು ಚಗಳಿ ಹೆದರಿಸುತ್ತದೆ ಎಂಬ ದೂರೂ ಇದೆ. ಅದು ಸುಳ್ಳಲ್ಲ. ಸಿಂಗಪುರದಲ್ಲಿ ನೆಕ್ಕರಿಕ ಗಿಡದ ಮೇಲೆ ಮಾಡಿದ ಅಧ್ಯಯನದಲ್ಲಿ ಚಗಳಿಗೆ ಹೆದರಿ ಹಿಂದೆ ಸರಿದದ್ದು ಹೆಚ್ಚಾಗಿ ಸಣ್ಣ ಜೇನುಗಳು. ದೊಡ್ಡ ದುಂಬಿಗಳು ಕ್ಯಾರೇ ಎನ್ನಲಿಲ್ಲ.

ಕೊಯ್ಲಿನವರ ಮಾತನ್ನು ತಳ್ಳಿಹಾಕಬೇಡಿ, ಉರಿ ತಿನ್ನುವವರು ಅವರು. ಹತ್ತುವ ಮೊದಲು ಕೈಕಾಲಿಗೆ, ಏಣಿಗೆ, ಹಗ್ಗಕ್ಕೆ ಒಲೆಬೂದಿ ಸವರಿದರೆ ಇರುವೆಯ ಪಾದದ ಅಂಟು ಹಿಡಿಯುವುದಿಲ್ಲ. ಗಂಟಲಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ ಕೊಡಿ, ಕೂಲಿಯಲ್ಲಿ ಸ್ವಲ್ಪ ಹೆಚ್ಚೂ ಕೊಡಿ. ಗೇರುಬೀಜವನ್ನು ಬಿದ್ದ ಮೇಲೆ ಹೆಕ್ಕುವುದಾದರೆ ತಕರಾರೇ ಇರುವುದಿಲ್ಲ. ಅಡಿಕೆಯ ನಡುವಿನ ಕಾಳುಮೆಣಸಿನ ಬಳ್ಳಿಯಲ್ಲಿ ಗೂಡಿದ್ದರೆ ಕೊಯ್ಲಿಗೆ ಮೊದಲು ಅಷ್ಟನ್ನು ತೆಗೆಸಿಬಿಡಿ, ಅಲ್ಲಿ ಅವುಗಳಿಂದ ನಿಮಗೆ ಹೇಳಿಕೊಳ್ಳುವಂಥ ಉಪಕಾರವಿಲ್ಲ.

ಮನೆಯ ಮಾಡಿಗೆ ತಾಗಿದ ಮಾವಿನ ಕೊಂಬೆಗಳನ್ನು ಮೊದಲು ಕತ್ತರಿಸಿ. ಆ ದಾರಿ ಕಡಿದರೆ ಇರುವೆ ಒಳಗೆ ಬರುವುದು ಅರ್ಧ ನಿಲ್ಲುತ್ತದೆ. ಉಳಿದ ಗೂಡುಗಳನ್ನು ಇಳಿಸುವವರು ನಿಮ್ಮೂರಿನಲ್ಲೇ ಇರುತ್ತಾರೆ, ಏಕೆಂದರೆ ಮಲೆನಾಡಿನಲ್ಲಿ ಚಗಳಿ ಚಟ್ನಿಗೆ ಗಿರಾಕಿಗಳು ಕಡಿಮೆಯಿಲ್ಲ. ಒಡಿಶಾದ ಮಯೂರಭಂಜ್‌ನವರು ಇದೇ ಇರುವೆಯ ತಮ್ಮ ‘ಕಾಯಿ’ ಚಟ್ನಿಗೆ 2024ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯನ್ನೇ ಪಡೆದುಕೊಂಡಿದ್ದಾರೆ. ಚಟ್ನಿಗೆ ಇಳಿಸುವುದಿದ್ದರೆ ಆ ಮರಕ್ಕಾಗಲಿ ಅಕ್ಕಪಕ್ಕದ ಮರಕ್ಕಾಗಲಿ ಆ ವರ್ಷ ಔಷಧಿ ಬಿದ್ದಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ.